ತೂಕದ ಸಾಹೇಬರ ಒಂಬತ್ತು ಗಿಟಾರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತೂಕದ ಸಾಹೇಬರು ಮಂಚದ ಕೆಳಗೆ ಬೋರಲು ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ತಮ್ಮ ಬೇಸ್ ಗಿಟಾರುಗಳನ್ನು ಎಣಿಸುತ್ತಿದ್ದರು. ಗೋಡೆಯ ಕೊಕ್ಕೆಗಳಲ್ಲಿ ಐದು ನೇತಾಡುತ್ತಿದ್ದವು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ. ಬೀರುವಿನ ಹಿಂದೆ ಒಂದು ನಿಂತಿತ್ತು. ಅದು ಹೆಂಡತಿಗೂ ಗೊತ್ತಿತ್ತು, ಆದರೆ ಆಕೆ ಗೊತ್ತಿಲ್ಲದವರ ಹಾಗೆ ಇದ್ದರು. ಮಂಚದ ಕೆಳಗೆ ಎರಡು ಪೆಟ್ಟಿಗೆ ಇರಬೇಕೆಂಬುದು ಸಾಹೇಬರ ಅಂದಾಜು. ಕೈಗೆ ಮೂರು ಸಿಕ್ಕವು. ಮೂರನೆಯದು ಖಾಲಿ ಪೆಟ್ಟಿಗೆಯಾಗಿರಲಿ ಎಂಬ ಆಸೆಯಿಂದ ಅಲ್ಲಾಡಿಸಿ ನೋಡಿದರು. ಒಳಗಿನಿಂದ ದಪ್ಪ ತಂತಿಯೊಂದು ‘ಗುಂಯ್’ ಎಂದು ಹಾಜರಿ ಹೇಳಿತು.

ಹಿಂದಿನ ದಿನ ಸಂಜೆ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. “ರೀ, ಒಟ್ಟು ಎಷ್ಟಿವೆ ಅವು?”

“ಆರೋ ಏಳೋ” ಎಂದಿದ್ದರು ಸಾಹೇಬರು.

ಯಾವನಾದರೂ ಅಂಗಡಿಯವನು ತನ್ನ ಕಿಲೋ ತೂಕದ ಬಟ್ಟಿನ ಬಗ್ಗೆ ‘ಒಂಬೈನೂರೋ ಸಾವಿರವೋ’ ಎಂದಿದ್ದರೆ ಇದೇ ಸಾಹೇಬರು ಅವನ ತಕ್ಕಡಿಯನ್ನು ನಿಂತ ಕಾಲಲ್ಲಿ ಜಪ್ತಿ ಮಾಡುತ್ತಿದ್ದರು. ಅವರ ಕೆಲಸವೇ ಅದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವರು ಇನ್ಸ್‌ಪೆಕ್ಟರು. ಮಖಮಲ್ಲಿನ ಗೂಡುಗಳಿರುವ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಟ್ಟುಗಳನ್ನು ಹೊತ್ತು ಮಾರುಕಟ್ಟೆ ತಿರುಗುವುದು, ಅವನ್ನು ಚಿಮಟದಲ್ಲೇ ಎತ್ತಿ ಇಡುವುದು. ಬೆರಳಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡೂ ತೂಗುತ್ತದೆ. ಜಿಡ್ಡನ್ನೂ ಲೆಕ್ಕಕ್ಕೆ ಹಿಡಿಯುವ ಈ ಮನುಷ್ಯನಿಗೆ ತನ್ನ ಮಂಚದ ಕೆಳಗೆ ಎಷ್ಟು ಗಿಟಾರುಗಳಿವೆ ಎಂಬುದು ಗೊತ್ತಿರಲಿಲ್ಲ. ಮೈಯೆಲ್ಲ ದೂಳು ಮಾಡಿಕೊಂಡು ಹೊರಗೆ ಬಂದ ಸಾಹೇಬರು, ‘ತನ್ನ ಬೆನ್ನು ತನಗೆ ಕಾಣದು ಅಂತಾರೆ, ನನಗೆ ನನ್ನ ಮಂಚದ ಕೆಳಗೂ ಕಾಣಲಿಲ್ಲ’ ಎಂದುಕೊಂಡರು.

ಒಂಬತ್ತು.

ಬೇಸ್ ಗಿಟಾರು ಎಂದರೆ ಮಾಮೂಲಿ ಗಿಟಾರಿನ ದೊಡ್ಡಣ್ಣ. ಉದ್ದ ಕತ್ತು, ಸಾಮಾನ್ಯವಾಗಿ ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕುವಷ್ಟು ಗಟ್ಟಿ. ಬ್ಯಾಂಡಿನಲ್ಲಿ ಹಾಡುವವಳನ್ನು ಎಲ್ಲರೂ ನೋಡುತ್ತಾರೆ, ಡ್ರಮ್ ಬಡಿಯುವವನನ್ನು ಎಲ್ಲರೂ ಕೇಳುತ್ತಾರೆ. ಬೇಸ್ ಬಾರಿಸುವವನಿಗೆ ಫೋಟೋದವನು ‘ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್’ ಎನ್ನುತ್ತಾನೆ. ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗರೆಲ್ಲ ಸೇರಿ ಬ್ಯಾಂಡು ಕಟ್ಟಿದಾಗ ಬೇಸ್ ಯಾರಿಗೂ ಬೇಡವಾಗಿತ್ತು. ‘ಇವನ ಬೆರಳು ಉದ್ದ’ ಎಂಬ ಒಂದೇ ಅರ್ಹತೆಯ ಮೇಲೆ ಸಾಹೇಬರ ಕೊರಳಿಗೆ ಒಂದು ಪ್ಲೈವುಡ್ಡಿನ ಬೇಸನ್ನು ಕಟ್ಟಿದರು. ಕಟ್ಟಿದ್ದು ಇಳಿಯಲಿಲ್ಲ. ಈಗಲೂ ಶನಿವಾರ-ಭಾನುವಾರ ನಾಲ್ಕು ಜನರ ಬ್ಯಾಂಡೊಂದರಲ್ಲಿ, ಮದುವೆಯ ಆರತಕ್ಷತೆಗೆ, ನಿವೃತ್ತಿಯ ಬೀಳ್ಕೊಡುಗೆಗೆ, ಅವರು ಹಿಂದಿನ ಸಾಲಿನಲ್ಲಿ ನಿಂತು ಗುಂಯ್‌ಗುಡುತ್ತಾರೆ. ಡ್ರಮ್ ಬಡಿಯುವವನು ಅವರ ಭಾವಮೈದ, ಹೆಂಡತಿಯ ತಮ್ಮ. ವಾರದ ದಿನಗಳಲ್ಲಿ ಅವನು ಶಾಲೆಯೊಂದರ ಬಸ್ಸು ಓಡಿಸುತ್ತಾನೆ.

ಬೇಸಿನ ಮಹಿಮೆ ಹೇಳಲು ಸಾಹೇಬರ ಬಳಿ ಒಂದು ಸಿದ್ಧ ಉಪಮೆಯಿತ್ತು. “ಅದು ಉಪ್ಪಿದ್ದ ಹಾಗೆ. ಹಾಕಿದ್ದು ಗೊತ್ತಾಗಲ್ಲ, ಹಾಕದಿದ್ರೆ ಗೊತ್ತಾಗುತ್ತೆ.”

ಭಾವಮೈದ ಒಮ್ಮೆ ತಡೆಯಲಾರದೆ ಹೇಳಿದ. “ಸರಿ ಭಾವ. ಆದ್ರೆ ಮನೆಗೆ ಉಪ್ಪಿನ ಡಬ್ಬಿ ಒಂದು ಸಾಕು. ಸಾಲಾಗಿ ಜೋಡಿಸಿಟ್ಟಿದ್ದೀರಲ್ಲ, ಅಂಗಡಿ ಇಡ್ತೀರಾ?”

ಒಂದೊಂದು ಕೊಂಡಾಗಲೂ ಕಾರಣ ಇತ್ತು. ಐದು ತಂತಿಯದು ಒಂದು ತಂತಿ ಹೆಚ್ಚಿಗೆ ಇದೆಯೆಂದು. ಕಂದು ಬಣ್ಣದ್ದು ಭಾರವಾಗಿದೆಯೆಂದು. ಭಾರವಿದ್ದರೆ ನಾದ ನಿಲ್ಲುತ್ತದೆ. ಬಿಳಿಯದು ಹಗುರವಾಗಿದೆಯೆಂದು; ಹಗುರವಿದ್ದರೆ ಹೆಗಲು ನಿಲ್ಲುತ್ತದೆ. ಹೀಗೆ ಭಾರಕ್ಕೂ ಹಗುರಕ್ಕೂ ಒಂದೇ ತೀರ್ಪು ಕೊಡುವ ತಕ್ಕಡಿಗೆ ತಾವು ಮುದ್ರೆ ಒತ್ತುತ್ತಿರಲಿಲ್ಲ ಎಂಬುದು ಸಾಹೇಬರಿಗೆ ಗೊತ್ತಿತ್ತು. ಗೊತ್ತಿದ್ದೇ ಕೊಂಡರು.

ಈಗ ಲೆಕ್ಕ ಕೇಳಿದ್ದಕ್ಕೂ ಕಾರಣ ಇತ್ತು. ಸಾಹೇಬರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದರು. ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಹೊಲಿಗೆ ಯಂತ್ರ ಇದ್ದದ್ದು ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗುವ ಪ್ಯಾಸೇಜಿನಲ್ಲಿ, ಒಂದು ಟ್ಯೂಬ್‌ಲೈಟಿನ ಕೆಳಗೆ. ಬಟ್ಟೆ ಕತ್ತರಿಸುವುದು ಊಟದ ಮೇಜಿನ ಮೇಲೆ, ಊಟವಾದ ನಂತರ. ಮನೆಯ ಎರಡು ಕೋಣೆಗಳಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿ ಇದ್ದದ್ದು ಒಂದಕ್ಕೆ. ಬಿಸಿಲು ನೇರ ಬೀಳದೆ ಬೆಳಕು ಮಾತ್ರ ದಿನವಿಡೀ ತುಂಬಿರುವ ಕೋಣೆ. ಅದು ಸಾಹೇಬರ ತಾಯಿಯ ಕೋಣೆಯಾಗಿತ್ತು. ತಾಯಿ ತೀರಿಕೊಂಡ ಮೇಲೆ ಟೈಲರಮ್ಮ, “ಯಂತ್ರ ಅಲ್ಲಿಡೋಣವಾ?” ಎಂದಿದ್ದರು. ಸಾಹೇಬರು, “ಒಂದು ತಿಂಗಳು ತಡಿ, ಎರಡು ಗಿಟಾರು ತಾತ್ಕಾಲಿಕವಾಗಿ ಇಟ್ಟಿರ್ತೀನಿ” ಎಂದಿದ್ದರು. ಅದಾಗಿ ಹನ್ನೊಂದು ವರ್ಷ. ಬೆಳಕು ಬಿದ್ದರೆ ಮರದ ಬಣ್ಣ ಹೋಗುತ್ತದೆಂದು ಕಿಟಕಿಗೆ ದಪ್ಪ ಪರದೆ ಬಂತು. ಮರ ಸೊಟ್ಟಗಾಗಬಾರದೆಂದು ಗೋಡೆಗೆ ತೇವಾಂಶ ಅಳೆಯುವ ಗಡಿಯಾರದಂಥದ್ದು ಬಂತು. ಕತ್ತಲೆಯಲ್ಲಿ, ಹದವಾದ ತೇವದಲ್ಲಿ, ಗಿಟಾರುಗಳು ಬಾಣಂತಿಯರ ಹಾಗೆ ಬೆಚ್ಚಗಿದ್ದವು.

ಈಗ ಟೈಲರಮ್ಮನಿಗೆ ದೊಡ್ಡ ಕೆಲಸವೊಂದು ಸಿಗುವುದರಲ್ಲಿತ್ತು. ವಕೀಲರ ಸಂಘಕ್ಕೆ ಮೂವತ್ತು ಕರಿ ಗೌನುಗಳು ಬೇಕಾಗಿದ್ದವು. ಒಂದಷ್ಟು ಹೊಲಿದು ತೋರಿಸಿ ಎಂದಿದ್ದರು. ಒಪ್ಪಿಗೆಯಾದರೆ ಉಳಿದದ್ದೂ ಆಕೆಗೇ, ಮುಂದೆ ಪ್ರತಿ ವರ್ಷವೂ ಆಕೆಗೇ. “ನನಗೆ ಆ ಕೋಣೆ ಬೇಕು ರೀ” ಎಂದು ಟೈಲರಮ್ಮ ಕೇಳಿದ್ದು ಹನ್ನೊಂದು ವರ್ಷದಲ್ಲಿ ಎರಡನೇ ಸಲ. ಅದಕ್ಕೇ ಸಾಹೇಬರಿಗೆ ಅದು ಕೋರಿಕೆಯ ಹಾಗೆ ಕೇಳಿಸಲಿಲ್ಲ, ಸಮನ್ಸಿನ ಹಾಗೆ ಕೇಳಿಸಿತು. “ಆಯ್ತು. ಕಮ್ಮಿ ಮಾಡ್ತೀನಿ” ಎಂದರು.

ಕಮ್ಮಿ ಮಾಡುವ ಕಾರ್ಯ ಕ್ರಮಬದ್ಧವಾಗಿ ಶುರುವಾಯಿತು. ಮೊದಲು ಬಂದವರು ಭಾವಮೈದ ಬಸ್ಸು ಓಡಿಸುವ ಶಾಲೆಯ ಸಂಗೀತದ ಮೇಡಂ. ಚುರುಕಿನ ಹೆಂಗಸು, ಬಿಳಿ ಗಿಟಾರನ್ನು ಎತ್ತಿಕೊಂಡು ನಾಲ್ಕು ಮೀಟಿದರು, ಇಷ್ಟವಾಯಿತು ಎಂದರು.

“ಎಲ್ಲಿಡ್ತೀರಿ ಇದನ್ನ?” ಎಂದು ಸಾಹೇಬರು ವಿಚಾರಣೆ ಆರಂಭಿಸಿದರು.

“ಸಂಗೀತದ ಕ್ಲಾಸಲ್ಲಿ, ಸಾರ್. ಕಿಟಕಿ ಪಕ್ಕ ಸ್ಟ್ಯಾಂಡ್ ಇದೆ.”

“ಕಿಟಕಿ ಪಕ್ಕ.” ಸಾಹೇಬರ ಮುಖ ಸಣ್ಣದಾಯಿತು. “ಅಲ್ಲಿ ತೇವಾಂಶ ಎಷ್ಟಿರುತ್ತೆ?”

“ಮಕ್ಕಳಿರ್ತಾರೆ, ಸಾರ್. ಬೆವರೋರು ಬೆವರ್ತಾರೆ, ಅಳೋರು ಅಳ್ತಾರೆ. ತೇವಾಂಶಕ್ಕೇನೂ ಕೊರತೆ ಇಲ್ಲ.”

ಮೇಡಂ ಬರಿಗೈಯಲ್ಲಿ ಹೋದರು. ಯಂತ್ರದ ಮುಂದೆ ಕೂತೇ ಇದನ್ನೆಲ್ಲ ಕೇಳಿಸಿಕೊಂಡ ಟೈಲರಮ್ಮ ಪೆಡಲಿನಿಂದ ಕಾಲು ತೆಗೆದರು. “ಗಿಟಾರು ಕೊಡೋಕೆ ಕರೆದಿದ್ರಾ, ಮಗಳಿಗೆ ಗಂಡು ನೋಡೋಕೆ ಕರೆದಿದ್ರಾ?”

“ಒಳ್ಳೆ ಜಾಗಕ್ಕೆ ಸೇರಲಿ ಅಂತ.”

“ಸೇರುತ್ತೆ, ಸೇರುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು.”

ಎರಡನೆಯ ದಾರಿ ಹಳೇ ವಾದ್ಯಗಳ ಅಂಗಡಿಯವನು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಆಸಾಮಿ. ಸಾಹೇಬರು ಎರಡು ಗಿಟಾರು ಹೊತ್ತುಕೊಂಡು ಹೋದರು. ಅವನು ಎರಡನ್ನೂ ತಟ್ಟಿ, ತಲೆದೂಗಿ, “ಸಾರ್, ದುಡ್ಡು ಕೊಟ್ಟು ನಿಮ್ಮಂಥವರಿಗೆ ಅವಮಾನ ಮಾಡಲಾ? ಎರಡು ಕೊಡಿ, ಒಂದು ತಗೊಳ್ಳಿ. ಫ್ರೆಟ್ ಇಲ್ಲದ್ದು. ಎರಡು ಹೋಗಿ ಒಂದು ಬಂದ್ರೆ ಕಮ್ಮಿ ಆದ ಹಾಗೇ ಅಲ್ವಾ?” ಎಂದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಫ್ರೆಟ್ ಎಂದರೆ ಬೆರಳು ಎಲ್ಲಿಡಬೇಕೆಂದು ತೋರಿಸುವ ಲೋಹದ ಪಟ್ಟಿ. ಅದಿಲ್ಲದ ಗಿಟಾರಿಗೆ ಬಹಳ ಸೂಕ್ಷ್ಮವಾದ ಕಿವಿ ಬೇಕು. ಸಾಹೇಬರಿಗೆ ಸೂಕ್ಷ್ಮವಾಗಿದ್ದದ್ದು ತಕ್ಕಡಿ. ಆದರೂ ತಂದರು. ಜೊತೆಗೆ ಅವನು ‘ಮೇಲಿಂದ’ ಎಂದು ಕೊಟ್ಟ ಸ್ಪೀಕರ್ ಡಬ್ಬವೊಂದನ್ನೂ ತಂದರು. ಅದು ಸಣ್ಣ ಫ್ರಿಜ್ಜಿನಷ್ಟಿತ್ತು. ಮೂಗಿಗಿಂತ ಮೂಗುತಿ ಭಾರ.

ತಿಂಗಳು ಕಳೆದು ಮತ್ತೆ ಹೋದರು. ಈ ಸಲ ಕಾಲೇಜು ಕಾಲದ ಪ್ಲೈವುಡ್ ಬೇಸನ್ನೂ ಒಯ್ದಿದ್ದರು. ಮೊದಲು ತೊಲಗಬೇಕಾದದ್ದು ಅದೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅಂಗಡಿಯವನು ಅದನ್ನು ಬೆರಳಿನಿಂದ ತಟ್ಟಿದ. ಬಾಗಿಲು ತಟ್ಟಿದ ಹಾಗೆ ಕೇಳಿಸಿತು. “ಇದನ್ನ ನೀವೇ ಇಟ್ಕೊಳ್ಳಿ ಸಾರ್” ಎಂದು ಮೆಲ್ಲಗೆ ಪಕ್ಕಕ್ಕಿಟ್ಟು, ಕಂದು ಬಣ್ಣದ ಭಾರದ್ದನ್ನು ಎತ್ತಿಕೊಂಡ. ಅದಕ್ಕೆ ಬದಲಾಗಿ ಗಿಡ್ಡ ಕತ್ತಿನದೊಂದನ್ನು ಕೊಟ್ಟ. ‘ಬಿಡಿಭಾಗಕ್ಕೆ ಇರಲಿ’ ಎಂದು ಕತ್ತು ಮುರಿದ ಇನ್ನೊಂದನ್ನೂ ಸೇರಿಸಿದ.

ಮೂರು ತಿಂಗಳಾದ ಮೇಲೆ ಟೈಲರಮ್ಮ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದರು. “ಒಂಬತ್ತಿತ್ತು. ಈಗ?”

“ಒಂಬತ್ತು. ಆದ್ರೆ ಬೇರೆ ಒಂಬತ್ತು.”

“ಅಳಿಯ ಅಲ್ಲ, ಮಗಳ ಗಂಡ.”

ದ್ರವ್ಯರಾಶಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದಕ್ಕೆ ಇಷ್ಟು ನಿಖರವಾದ ಪ್ರಯೋಗವನ್ನು ತಮ್ಮ ಪ್ರಾಧ್ಯಾಪಕರೂ ಮಾಡಿ ತೋರಿಸಿರಲಿಲ್ಲ ಎಂದು ಸಾಹೇಬರಿಗೆ ಅನ್ನಿಸಿತು. ಆದರೂ ಸೋಲೊಪ್ಪಲಿಲ್ಲ. ಕಚೇರಿಯ ಹಳೇ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಬಂದು ಹೇಳಿದರು. “ಸಂಖ್ಯೆ ನೋಡಬೇಡ. ಒಟ್ಟು ತೂಕ ನೋಡು. ಒಂದು ಕಿಲೋ ಮುನ್ನೂರು ಗ್ರಾಂ ಇಳಿದಿದೆ.”

“ಆ ಡಬ್ಬ ಸೇರಿಸಿಯಾ?”

ಸಾಹೇಬರು ಡಬ್ಬ ಸೇರಿಸಿರಲಿಲ್ಲ. ಎದ್ದು ಹೋಗಿ ಗಿಟಾರಿನ ದೂಳು ಒರೆಸತೊಡಗಿದರು.

ಟೈಲರಮ್ಮ ಮತ್ತೆ ಕೇಳಲಿಲ್ಲ. ಮೊದಲ ಆರು ಗೌನುಗಳನ್ನು ಪ್ಯಾಸೇಜಿನಲ್ಲೇ ಕೂತು ಹೊಲಿದು, ಇಸ್ತ್ರಿ ಮಾಡಿ, ಸಂಘಕ್ಕೆ ಕೊಟ್ಟು ಬಂದರು.

ನಾಲ್ಕು ದಿನದಲ್ಲಿ ಸಂಘದ ಕಡೆಯಿಂದ ವಕೀಲಮ್ಮ ಒಬ್ಬರು ಆರನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. ಒಳ್ಳೆಯವರು, ನಗುತ್ತಲೇ ಹೇಳಿದರು. “ಟೈಲರಮ್ಮ, ಹೊಲಿಗೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ದಾರ ಕಪ್ಪಲ್ಲ, ನೀಲಿ. ಕೋರ್ಟಿನ ಅಂಗಳದಲ್ಲಿ ಬೆಳಕಿಗೆ ನಿಂತೆ ನೋಡಿ, ಬೆನ್ನ ಮೇಲೆ ಗೆರೆ ಎಳೆದ ಹಾಗೆ ಕಾಣ್ತಿತ್ತಂತೆ. ಎದುರು ಕಡೆ ವಕೀಲರು ‘ಏನ್ ಮೇಡಂ, ಜೀಬ್ರಾ ಗೆರೆನಾ, ರಸ್ತೆ ದಾಟಬಹುದಾ?’ ಅಂದ್ರು.” ಆಮೇಲೆ ದನಿ ತಗ್ಗಿಸಿದರು. “ಬೇರೆ ಅಂಗಡಿಗೆ ಕೊಡೋಣ ಅಂತ ಕೆಲವರು ಹೇಳ್ತಿದ್ದಾರೆ. ಹತ್ತು ದಿನ ತಡೀರಿ ಅಂದಿದ್ದೀನಿ.”

ಸಾಹೇಬರಿಗೆ ಇದು ಯಾವುದೂ ತಿಳಿದಿರಲಿಲ್ಲ. ಮರುದಿನ ಮಾರುಕಟ್ಟೆಯ ತಪಾಸಣೆಯ ನಡುವೆ, ಮರೆತು ಬಂದಿದ್ದ, ತಕ್ಕಡಿಗೆ ಮುದ್ರೆ ಒತ್ತುವ ಇಕ್ಕಳ ತರಲೆಂದು ಮಧ್ಯಾಹ್ನ ಮನೆಗೆ ಬಂದರು. ಬೀದಿ ಬಾಗಿಲ ಮೆಟ್ಟಿಲ ಮೇಲೆ ಟೈಲರಮ್ಮ ಕೂತಿದ್ದರು. ಮೊಣಕಾಲ ಮೇಲೆ ಕರಿ ಗೌನು, ಕೈಯಲ್ಲಿ ಬ್ಲೇಡು. ಮಹಡಿಯ ಮನೆಯವರು ನೀರಿನ ಕ್ಯಾನು ಹೊತ್ತು ಬಂದರು. ಆಕೆ ಗೌನನ್ನು ಎದೆಗೆ ಎಳೆದುಕೊಂಡು, ಮೊಣಕಾಲು ಓರೆ ಮಾಡಿ, ದಾರಿ ಬಿಟ್ಟರು. ಅವರು ಹತ್ತಿದ ಮೇಲೆ ಮತ್ತೆ ಹರಡಿಕೊಂಡರು.

“ಇಲ್ಲೇನು ಮಾಡ್ತಿದ್ದೀಯ?”

“ಬಿಚ್ಚುತಿದ್ದೀನಿ.”

“ಒಳಗೆ ಕೂತು ಬಿಚ್ಚಬಾರದಾ?”

“ಒಳಗೆ ಕೂತು ಹೊಲಿದಿದ್ದಕ್ಕೇ ಈಗ ಹೊರಗೆ ಕೂತು ಬಿಚ್ಚುತಿರೋದು.” ಆಕೆ ತಲೆ ಎತ್ತಲಿಲ್ಲ. ಬಿಚ್ಚಿದ ದಾರದ ತುಂಡೊಂದನ್ನು ಆಕಾಶಕ್ಕೆ ಹಿಡಿದು ತೋರಿಸಿದರು. “ನೀಲಿ. ಉಂಡೆ ಮೇಲಿನ ಚೀಟಿ ಬಿದ್ದು ಹೋಗಿತ್ತು. ಕಪ್ಪೇ ಅಂದ್ಕೊಂಡೆ.”

ಎಷ್ಟೋ ವರ್ಷಗಳಲ್ಲಿ ಆಕೆಯ ಒಂದು ಗುಂಡಿಯೂ ವಾಪಸ್ ಬಂದದ್ದಿಲ್ಲ. ಸಾಹೇಬರು ಇಕ್ಕಳ ತೆಗೆದುಕೊಳ್ಳಲು ಒಳಗೆ ಹೋದರು. ಬಿಸಿಲಿನಿಂದ ಬಂದ ಕಣ್ಣಿಗೆ ಪ್ಯಾಸೇಜಿನಲ್ಲಿ ಯಂತ್ರ ಎಲ್ಲಿದೆ ಎಂದೇ ಕಾಣಲಿಲ್ಲ. ಮೊಣಕಾಲಿಗೆ ತಗುಲಿದಾಗ ಗೊತ್ತಾಯಿತು. ಇಕ್ಕಳ ಮರೆತು ವಾಪಸ್ ಹೋದರು.

ಕಚೇರಿಯ ಅದೇ ಮಹಡಿಯಲ್ಲಿ ಕಾರ್ಖಾನೆಗಳ ತಪಾಸಣೆ ಮಾಡುವ ಗೆಳೆಯರೊಬ್ಬರಿದ್ದರು. ಅವರ ಬಳಿ ಬೆಳಕು ಅಳೆಯುವ ಮೀಟರ್ ಇತ್ತು. ಸಾಹೇಬರು ಅದನ್ನು ಒಂದೆರಡು ವಾರಕ್ಕೆ ಕೇಳಿದರು.

“ಹೊಲಿಗೆ ಕೆಲಸಕ್ಕಾ? ಏಳುನೂರೈವತ್ತು ಲಕ್ಸ್ ಬೇಕು” ಎಂದರು ಗೆಳೆಯರು. “ಕಪ್ಪು ಬಟ್ಟೆ ಅಂದ್ರೆ ಇನ್ನೂ ಜಾಸ್ತಿ ಇರಬೇಕು. ಯಾವ ಕಾರ್ಖಾನೆ ಹೇಳಿ, ನೋಟಿಸ್ ಕಳಿಸ್ತೀನಿ.”

“ಸಣ್ಣದು.”

“ಕೆಲಸದವರು ಎಷ್ಟು ಜನ?”

“ಒಬ್ಬರೇ.”

“ಮಾಲೀಕ ಎಂಥವನು?”

“ಸಂಗೀತಗಾರ ಅಂತ ಅಂದ್ಕೊಂಡಿದ್ದಾನೆ” ಎಂದರು ಸಾಹೇಬರು.

ಭಾನುವಾರ ಟೈಲರಮ್ಮ ಕಪ್ಪು ದಾರ ತರಲು ಪೇಟೆಗೆ ಹೋದರು. ಈ ಸಲ ಅಂಗಡಿಯ ಹೊರಗೆ ನಿಂತೇ ಆರಿಸುತ್ತೇನೆ ಎಂದು ಹೇಳಿ ಹೋದರು. ಸಾಹೇಬರು ಪ್ಯಾಸೇಜಿನ ಟ್ಯೂಬ್‌ಲೈಟ್ ಹಾಕಿ, ಯಂತ್ರದ ಸೂಜಿಯ ಪಕ್ಕ ಮೀಟರ್ ಇಟ್ಟರು. ಅಂಕಿ ನಿಂತಿತು. ಮೀಟರಿನಲ್ಲಿ ದೋಷವಿರಬೇಕೆಂದು ಆರಿಸಿ ಮತ್ತೆ ಹಾಕಿದರು. ಅದೇ ಅಂಕಿ. ಮೂರನೇ ಸಲವೂ ಅದೇ. ಮಾರುಕಟ್ಟೆಯಲ್ಲಾದರೆ ಬಂದ ಅಂಕಿಯನ್ನು ಸುತ್ತ ನಿಂತವರಿಗೆಲ್ಲ ಕೇಳುವಂತೆ ಓದುವುದು ಅವರ ರೂಢಿ. ಇಲ್ಲಿ ಸುತ್ತ ಯಾರೂ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ತಮ್ಮ ಮನೆಯಲ್ಲಿ ದೀಪವೇ ಇಲ್ಲ, ಬರೀ ಬುಡ ಇದೆ ಎಂದುಕೊಂಡು ಮೀಟರನ್ನು ಜೇಬಿಗೆ ಹಾಕಿ, ಕೋಣೆಗೆ ಹೋಗಿ, ಪರದೆ ಹಿಡಿದು ಎಳೆದರು. ಪರದೆ ಕಂಬಿಯ ಸಮೇತ ತಲೆಯ ಮೇಲೆ ಬಿತ್ತು.

ಟೈಲರಮ್ಮ ವಾಪಸ್ ಬಂದಾ​ಗ ಮುಂಬಾಗಿಲು ಪೂರ್ತಿ ತೆರೆಯಲಿಲ್ಲ. ಓರೆಯಾಗಿ ಒಳಗೆ ನುಗ್ಗಿದರು. ಪ್ಯಾಸೇಜಿನ ಉದ್ದಕ್ಕೂ ಗಿಟಾರುಗಳು ಗೋಡೆಗೆ ಒರಗಿ ಸರದಿಯಲ್ಲಿ ನಿಂತಿದ್ದವು. ಹೊಲಿಗೆ ಯಂತ್ರ ಕೋಣೆಯೊಳಗೆ, ಕಿಟಕಿಯ ಮುಂದೆ ಇತ್ತು. ಹಣೆಯ ಮೇಲೆ ಬೋರೆ ಎದ್ದ ಸಾಹೇಬರು ಅದರ ಕಾಲಿಗೆ ರಟ್ಟಿನ ತುಂಡು ಕೊಟ್ಟು ಸಮ ಮಾಡುತ್ತಿದ್ದರು.

“ಇದೇನ್ರೀ?”

“ಗಿಟಾರಿಗೆ ಕತ್ತಲೆ ಬೇಕು, ಪ್ಯಾಸೇಜಲ್ಲಿದೆ. ಹೊಲಿಗೆಗೆ ಬೆಳಕು ಬೇಕು, ಇಲ್ಲಿದೆ.”

ಟೈಲರಮ್ಮ ಕಿಟಕಿ ನೋಡಿದರು, ಯಂತ್ರ ನೋಡಿದರು, ಗಂಡನ ಹಣೆ ನೋಡಿದರು. “ಹನ್ನೊಂದು ವರ್ಷದಿಂದ ಸರಿಯಾಗೇ ಹೇಳ್ತಿದ್ರಿ. ಸಾಮಾನು ಮಾತ್ರ ಅದಲು ಬದಲಾಗಿತ್ತು.” ಆಮೇಲೆ ಹಿಂದಕ್ಕೆ ತಿರುಗಿ, “ಅದಿರಲಿ, ನಾನು ಬಚ್ಚಲಿಗೆ ಹೋಗೋದು ಹೇಗೆ? ಹಾರಿಕೊಂಡಾ?” ಎಂದರು.

ಪ್ಯಾಸೇಜಿನಲ್ಲಿ ಜಾಗ ಇದ್ದದ್ದು ಒಂದೇ ಗಿಟಾರಿಗೆ, ಕೊಡೆಯ ಪಕ್ಕದ ಕೊಕ್ಕೆಯಲ್ಲಿ. ಇಬ್ಬರಿಗೂ ಅದು ಕಾಣುತ್ತಿತ್ತು. ಟೈಲರಮ್ಮ ಯಂತ್ರದ ಕಡೆ ತಿರುಗಿದರು. ಕೂತು ದಾರ ಪೋಣಿಸಿದರು. ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಹೋಯಿತು.

ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದರಲ್ಲಿ ಸಾಹೇಬರಿಗೆ ಗೊಂದಲ ಇರಲಿಲ್ಲ. ಐದು ತಂತಿಯದು. ಸ್ಟೂಲಿನ ಮೇಲೆ ಕೂತು, ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ, ಅದರ ಐದನೆಯ ತಂತಿಯನ್ನು ಭಕ್ತಿಯಿಂದ ಮೀಟಿದರು. ಕೋಣೆಯಿಂದ ಗಡಗಡ ಸದ್ದು ಬಂತು.

“ರೀ, ಗುಂಡುಸೂಜಿ ಕುಣೀತಿವೆ!”

ಹೋಗಿ ನೋಡಿದರು. ಯಂತ್ರದ ಹಲಗೆಯ ಮೇಲಿದ್ದ ಸ್ಟೀಲ್ ಡಬ್ಬಿಯೊಳಗೆ ಗುಂಡುಸೂಜಿಗಳು ನಡುಗುತ್ತ ಅಂಚಿಗೆ ಬಂದು, ಒಂದೆರಡು ಕರಿ ಬಟ್ಟೆಯ ಮೇಲೆ ಬಿದ್ದಿದ್ದವು. ಅನುರಣನೆ. ತಂತಿಯ ಕಂಪನವೂ ಡಬ್ಬಿಯ ಕಂಪನವೂ ಒಂದಾದರೆ ಹೀಗಾಗುತ್ತದೆ. ಸಾಹೇಬರು ಎರಡನೇ ವರ್ಷದ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದರು.

“ಮೊದಲೂ ಹೀಗಾಗ್ತಿತ್ತಾ?”

“ಯಾವಾಗ್ಲೂ. ನೀವು ಆ ಐದು ತಂತೀದು ಎತ್ತಿಕೊಂಡ ಸದ್ದು ಕೇಳಿದ ಕೂಡಲೇ ನಾನು ಡಬ್ಬಿ ಮಡಿಲಿಗೆ ಹಾಕ್ಕೊತಿದ್ದೆ.”

“ನನಗೆ ಹೇಳಬಾರದಿತ್ತಾ?”

“ಕಣ್ಣು ಮುಚ್ಚಿಕೊಂಡು ಬಾರಿಸ್ತಿದ್ರಿ. ಹೇಗೆ ಹೇಳೋದು?”

ಸಾಹೇಬರು ಪ್ಯಾಸೇಜಿಗೆ ವಾಪಸ್ ಬಂದು ಮುಂದಿನದನ್ನು ಎತ್ತಿಕೊಂಡರು. ಇದು ಪರೀಕ್ಷೆ, ಪರೀಕ್ಷೆ ಎಂದರೆ ಅವರಿಗೆ ಧೈರ್ಯ ಬರುತ್ತದೆ. ಬಿಳಿಯದನ್ನು ಮೀಟಿದರು. “ಕುಣೀತಿವೆ” ಎಂದರು ಟೈಲರಮ್ಮ ಒಳಗಿನಿಂದ. ಫ್ರೆಟ್ ಇಲ್ಲದ್ದು. “ಕುಣೀತಿವೆ. ಅಪಸ್ವರಕ್ಕೂ ಕುಣೀತಿವೆ.” ಗಿಡ್ಡ ಕತ್ತಿನದು. “ಕತ್ತರಿನೂ ಸೇರಿಕೊಳ್ತು.” ಬೀರುವಿನ ಹಿಂದಿನದು, ಮಂಚದ ಕೆಳಗಿನವು. ಕುಣಿತ ನಿಲ್ಲಲಿಲ್ಲ. ಕತ್ತು ಮುರಿದದ್ದನ್ನು ಪರೀಕ್ಷೆಯಿಂದ ಕೈಬಿಡಲಾಯಿತು. ಉಳಿದದ್ದು ಪ್ಲೈವುಡ್ಡಿನದು. ಸಾಹೇಬರು ಅದನ್ನು ಎತ್ತಿಕೊಂಡು, ಕೆಳಗಿನ ತಂತಿಯಿಂದ ಮೇಲಿನವರೆಗೆ, ಮೇಲಿನಿಂದ ಕೆಳಗಿನವರೆಗೆ, ಒಂದು ಪೂರ್ತಿ ಹಾಡು ಬಾರಿಸಿ ಮುಗಿಸಿದರು. ಕೋಣೆಯಿಂದ ಡಬ್ಬಿಯ ಸದ್ದು ಬರಲಿಲ್ಲ.

ಟೈಲರಮ್ಮ ಒಳಗಿನಿಂದ ಕೇಳಿದರು. “ಶುರು ಮಾಡ್ತೀರಾ?”

“ಬಾರಿಸಿ ಮುಗೀತು.”

“ಹೌದಾ? ಹಾಗಾದ್ರೆ ಅದೇ ಇರಲಿ.”

ಹೀಗೆ, ಅಂಗಡಿಯವನೂ ಬೇಡವೆಂದ ಗಿಟಾರು, ಕೇಳಿಸುವುದೇ ಇಲ್ಲ ಎಂಬ ಒಂದೇ ಯೋಗ್ಯತೆಯ ಮೇಲೆ ಆಯ್ಕೆಯಾಯಿತು. ತಾನು ಬ್ಯಾಂಡಿಗೆ ಆಯ್ಕೆಯಾದದ್ದೂ ಇದಕ್ಕಿಂತ ದೊಡ್ಡ ಯೋಗ್ಯತೆಯ ಮೇಲಲ್ಲ ಎಂದು ಸಾಹೇಬರು ಸಮಾಧಾನ ಮಾಡಿಕೊಂಡು, ಅದನ್ನು ಕೊಡೆಯ ಪಕ್ಕ ನೇತುಹಾಕಿದರು.

ಉಳಿದ ಎಂಟನ್ನು ಸಾಗಿಸಲು ಭಾವಮೈದ ಶಾಲೆಯವರನ್ನು ಕೇಳಿ ಖಾಲಿ ಬಸ್ಸು ತಂದ. ಪುಟ್ಟ ಸೀಟುಗಳ ಮೇಲೆ ಒಂದೊಂದು ಗಿಟಾರು ಕೂರಿಸಿ, ಬೆಲ್ಟು ಹಾಕಿದ. “ಎಲ್ಲರೂ ಸುಮ್ನೆ ಕೂತಿರಬೇಕು, ಕಿಟಕಿಯಿಂದ ಕತ್ತು ಹೊರಗೆ ಹಾಕಬಾರದು” ಎಂದು ಅವಕ್ಕೆ ಹೇಳಿ, ಸಾಹೇಬರ ಕಡೆ ತಿರುಗಿದ. “ಭಾವ, ನೀವೂ ಅಷ್ಟೆ.”

ಸಂಗೀತದ ಮೇಡಂ ನಾಲ್ಕನ್ನು ಇಳಿಸಿಕೊಂಡರು. ಬಿಳಿಯದನ್ನು ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಸಾಹೇಬರ ಮುಖ ನೋಡಿ, “ಮಧ್ಯೆ ಮಧ್ಯೆ ತೇವಾಂಶ ನೋಡೋಕೆ ಬರ್ತೀರಾ ಸಾರ್?” ಎಂದರು. “ಇಲ್ಲ ಇಲ್ಲ, ನಿಮ್ಮದಿನ್ನು” ಎಂದರು ಸಾಹೇಬರು. ಆ ಬೀದಿಯಲ್ಲಿ ತಪಾಸಣೆಗೆ ಬಾಕಿ ಇರುವ ಅಂಗಡಿಗಳು ಎಷ್ಟಿರಬಹುದೆಂದು ಮನಸ್ಸು ಆಗಲೇ ಹುಡುಕುತ್ತಿತ್ತು. ಮಿಕ್ಕ ನಾಲ್ಕು ಹಳೇ ವಾದ್ಯಗಳ ಅಂಗಡಿಗೆ ಹೋದವು. ಭಾವಮೈದ ಬಾಗಿಲಿಗೆ ಅಡ್ಡ ನಿಂತು ಘೋಷಿಸಿದ. “ಭಾವನ ಕೈಗೆ ಏನೂ ಕೊಡಬೇಡಿ. ಬದಲಿಗೂ ಬೇಡ, ಮೇಲಿಂದಲೂ ಬೇಡ, ನೆನಪಿಗೂ ಬೇಡ.” ಅಂಗಡಿಯವನು ತನ್ನ ಒಳ್ಳೆಯ ಗಿರಾಕಿಯೊಬ್ಬ ಕಣ್ಣೆದುರೇ ಕೈತಪ್ಪಿ ಹೋಗುವುದನ್ನು ನೋಡುತ್ತ ನಿಂತ. ಸ್ಪೀಕರ್ ಡಬ್ಬವನ್ನು ವಾಪಸ್ ತೆಗೆದುಕೊಳ್ಳಲು ಮಾತ್ರ ಒಪ್ಪಲಿಲ್ಲ.

ಆ ಡಬ್ಬಕ್ಕೆ ಟೈಲರಮ್ಮ ಕೆಲಸ ಹಚ್ಚಿದರು. ಕೋಣೆಯ ನಡುವೆ ಅದನ್ನು ಅಂಗಾತ ಮಲಗಿಸಿ, ಹಲಗೆ ಹಾಕಿ, ಮೇಲೊಂದು ಚಾಪೆ ಹಾಸಿದರು. ಹತ್ತನೆಯ ದಿನ ವಕೀಲಮ್ಮ ಬಂದು ಅದರ ಮೇಲೆ ಹತ್ತಿ ನಿಂತರು. ಟೈಲರಮ್ಮ ಸುತ್ತ ತಿರುಗಿ ಗೌನಿನ ಅಂಚು ನೋಡಿದರು. ವಕೀಲಮ್ಮ ಕಿಟಕಿಗೆ ಬೆನ್ನು ಕೊಟ್ಟು, ಆಮೇಲೆ ಎದೆ ಕೊಟ್ಟು, ತೋಳಿನ ಹೊಲಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಬೆಳಕಿಗೆ ತಿರುಗಿಸಿದರು. ಪ್ಯಾಸೇಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಸಾಹೇಬರು ತಂತಿಯ ಮೇಲೆ ಅಂಗೈ ಒತ್ತಿ ಹಿಡಿದರು, ಯಾರಿಗೂ ಕೇಳಿಸದ ಗಿಟಾರು ಎಲ್ಲಿ ಈಗ ಸದ್ದು ಮಾಡಿಬಿಡುತ್ತದೋ ಎಂಬಂತೆ.

“ಕಪ್ಪು” ಎಂದರು ವಕೀಲಮ್ಮ. “ಅಪ್ಪಟ ಕಪ್ಪು. ಉಳಿದಿದ್ದೂ ಶುರು ಮಾಡಿ, ಟೈಲರಮ್ಮ.”

ಅವರು ಹೋದ ಮೇಲೆ ಟೈಲರಮ್ಮ ಕಿಟಕಿಯ ಕಟ್ಟೆಯ ಮೇಲಿದ್ದ ಮೀಟರನ್ನು ಕೈಗೆತ್ತಿಕೊಂಡರು. “ಇದೇನು? ಆವತ್ತಿಂದ ಇಲ್ಲೇ ಇದೆಯಲ್ಲ.”

“ಬೆಳಕು ಅಳೆಯೋದು. ನಾಳೆ ವಾಪಸ್ ಕೊಡಬೇಕು.”

“ಇಲ್ಲಿ ಎಷ್ಟಿದೆ?”

ಸಾಹೇಬರು ಒಳಗೆ ಬಂದು ಮೀಟರನ್ನು ಸೂಜಿಯ ಪಕ್ಕ ಇಟ್ಟರು. ತಮ್ಮ ನೆರಳು ಬೀಳದಂತೆ ಒಂದು ಹೆಜ್ಜೆ ಹಿಂದೆ ಸರಿದರು. “ಸಾವಿರದ ನಲವತ್ತು.”

ಟೈಲರಮ್ಮ ತಲೆದೂಗಿದರು. ಗೌನು ಮಡಿಸಿ ಪಕ್ಕಕ್ಕಿಟ್ಟು, ಹೊಸ ಬಟ್ಟೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, ಏನೋ ನೆನಪಾದವರ ಹಾಗೆ ಕೇಳಿದರು. “ಅಲ್ಲಿ ಎಷ್ಟಿತ್ತು?”

ಇಂಥ ಹೊತ್ತಿನಲ್ಲಿ ಅಂಗಡಿಯವರು ಏನೇನು ಹೇಳುತ್ತಾರೆಂದು ಸಾಹೇಬರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೆಳಿಗ್ಗೆ ತಕ್ಕಡಿಗೆ ಯಾರೋ ಒದ್ದುಬಿಟ್ಟರು ಎನ್ನುತ್ತಾರೆ. ನೆಲ ಸಮ ಇಲ್ಲ ಎನ್ನುತ್ತಾರೆ. ಹೆಚ್ಚುಕಮ್ಮಿ ಸರಿಯಾಗೇ ಇತ್ತಲ್ಲ ಸಾರ್ ಎನ್ನುತ್ತಾರೆ. ಟ್ಯೂಬ್‌ಲೈಟು ಹಳೆಯದಾಗಿತ್ತು ಎಂದು ತಾವೂ ಹೇಳಬಹುದಿತ್ತು. ನೂರಕ್ಕೆ ಹತ್ತಿರ ಎಂದೂ ಹೇಳಬಹುದಿತ್ತು; ಆಕೆ ಮತ್ತೆ ಹೋಗಿ ಅಳೆದು ನೋಡುವವರಲ್ಲ. ಸಾಹೇಬರು ಅಂಗಿಯ ತುದಿ ಎಳೆದು ಸರಿಮಾಡಿಕೊಂಡರು, ಮಾರುಕಟ್ಟೆಯ ನಡುವೆ ನಿಂತವರ ಹಾಗೆ ನೆಟ್ಟಗೆ ನಿಂತರು, ಮತ್ತು ಮಹಡಿಯ ಮೆಟ್ಟಿಲಿಗೂ ಕೇಳುವಷ್ಟು ಗಟ್ಟಿಯಾಗಿ ಓದಿ ಹೇಳಿದರು.

“ಅರವತ್ತೆರಡು.”